ಶನಿವಾರದ ಬೂದಿ

ಸಮಾಧಾನ ಎನ್ನುವುದು ನನ್ನ ಹಣೆಯಲ್ಲೇ ಬರೆದಿಲ್ಲ. ಹಾಲು ಉಕ್ಕುವ ತನಕ ಒಲೆಯ ಮುಂದೆ ನಿಂತವಳಲ್ಲ. ಎಪ್ಪತ್ತರ ದಶಕದ ಮೊದಮೊದಲಿಗೆ ಮುಲುಂಡಿನ ಒಂದು ಚಾಳಿನಲ್ಲಿ ನಾವು ಮೂವರಿದ್ದೆವು: ನಾನು, ನನ್ನ ಗಂಡ, ಅತ್ತೆ. ಎರಡನೇ ಮಾಳಿಗೆಯಲ್ಲಿ ಒಂದೇ ಖೋಲಿ, ಕಾಲಿಟ್ಟರೆ ಕಿರುಗುಟ್ಟುವ ಮರದ ಹಲಗೆಯ ನೆಲ. ಗಂಡ ಬೆಳಗಿನ ಪಾಳಿಗೆ ಹೋದ ಮೇಲೆ ನಾನು ಫೋರ್ಟಿನ ಆಫೀಸಿಗೆ ಟೈಪಿಸ್ಟ್ ಕೆಲಸಕ್ಕೆ ಓಡಬೇಕು. ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಮ್ಮೆ ಒಬ್ಬರೇ ಹೊರಗೆ ಹೋಗಿ ಮೆಟ್ಟಿಲಿನಿಂದ ಜಾರಿ ಬಿದ್ದಿದ್ದರು. ಅಂದಿನಿಂದ ನಾನು ಹೊರಡುವಾಗ ಹೊರಗಿನ ಚಿಲಕ ಹಾಕುತ್ತಿದ್ದೆ. ಕೆಳಗಿನ ನಳದಲ್ಲಿ ನೀರು ತುಂಬಿಕೊಂಡು ಬಂದ ಮೇಲೆ ಪಕ್ಕದ ಖೋಲಿಯ ಮರಾಠಿ ಬಾಯಿ ಅದನ್ನು ತೆಗೆಯುತ್ತಿದ್ದಳು.

ರೇಷನ್ ಸೀಮೆಎಣ್ಣೆ ಬೆಳಗಿನ ಚಹಾಕ್ಕೂ ನನ್ನ ಊಟದ ಡಬ್ಬಿಗೂ ಸರಿಹೋಗುತ್ತಿತ್ತು. ರಾತ್ರಿಯ ಅಡುಗೆಗೆ ಇದ್ದಲಿನ ಒಲೆ, ಶೇಗಡಿ. ನಿನ್ನೆಯ ಬೂದಿ ಇವತ್ತಿನ ಸ್ನಾನದ ಹೊತ್ತಿಗೆ ಶೇಗಡಿಯಲ್ಲಿ ಇರಕೂಡದು ಎಂದು ಅತ್ತೆಯ ಕಟ್ಟಪ್ಪಣೆ. ಅದನ್ನು ತೆಗೆಯುವುದಕ್ಕೂ ಒಂದು ಶಾಸ್ತ್ರ. ಮೊದಲು ಕಬ್ಬಿಣದ ಕಡ್ಡಿಯಿಂದ ತಳದವರೆಗೆ ಕೆದಕಬೇಕು. ನೀರು ಚಿಮುಕಿಸಬೇಕು. ಆಮೇಲೆ ಹಿಂಗೈಯನ್ನು ಬೂದಿಯ ಮೇಲೆ ಒತ್ತಿ ನೋಡಬೇಕು. ತಣ್ಣಗಿದ್ದರೆ ಮಾತ್ರ ಮುಚ್ಚಳದ ತಗಡಿನ ಡಬ್ಬಕ್ಕೆ.

"ಅಂಗೈ ಸುಳ್ಳ ಹೇಳತದ, ದುಡದ ದುಡದ ದಡ್ಡ ಆಗಿರತದ. ಹಿಂಗೈ ಇಟ್ಟ ನೋಡವಾ," ಎನ್ನುತ್ತಿದ್ದರು. "ಕೆಂಡ ಒಳಗ ಮಕ್ಕೊಂಡಿರತದ."

ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಲ್ಲಿ ಲೋಕಲ್ ರೈಲು ಹೊರಡುವ ಹೊತ್ತು, ಇಲ್ಲಿ ಬೂದಿಯ ನಾಡಿ ಹಿಡಿಯುತ್ತ ಕೂತಿರಬೇಕು!

ಶುಕ್ರವಾರ ಬೂದಿಯನ್ನು ಮನೆಯಿಂದ ಹೊರಗೆ ಹಾಕುವಂತಿಲ್ಲ, ಲಕ್ಷ್ಮಿ ಹೊರಟು ಹೋಗುತ್ತಾಳೆ. ಹಾಗಾಗಿ ಆ ಶನಿವಾರ ಬೆಳಿಗ್ಗೆ ಡಬ್ಬ ಬಾಯಿತನಕ ತುಂಬಿತ್ತು. ಕೆಳಗೆ ಹೋಗಿ ಚೆಲ್ಲಿ ಬರಲು ಪುರಸತ್ತಿಲ್ಲ. ಆ ತಿಂಗಳಲ್ಲಿ ಆಗಲೇ ಎರಡು ಸಲ ತಡವಾಗಿತ್ತು. ಮೂರನೆಯ ಸಲ ಆದರೆ ಮನೆಯಲ್ಲೇ ಇರು ಎಂದು ಸಾಹೇಬರು ಹೇಳಿಬಿಟ್ಟಿದ್ದರು. ಮಂಚದ ಪಕ್ಕದಲ್ಲಿ ಮಾವಿನ ಹಣ್ಣು ಬಂದಿದ್ದ ಮರದ ಪೆಟ್ಟಿಗೆ ಇತ್ತು, ಒಳಗೆ ಒಣಹುಲ್ಲು. ಶೇಗಡಿಯನ್ನು ಅದರೊಳಗೆ ಬೋರಲು ಹಾಕಿ, ಚಿಲಕ ಎಳೆದು ಓಡಿದೆ.

ರೈಲಿನ ಹೆಂಗಸರ ಡಬ್ಬಿಯಲ್ಲಿ ಕಂಬಿ ಹಿಡಿದು ನಿಂತಾಗ ಕೈ ಕಣ್ಣಿಗೆ ಬಿತ್ತು. ಅಂಗೈಗೆ ಬೂದಿ ಮೆತ್ತಿತ್ತು. ಹಿಂಗೈ ಸ್ವಚ್ಛವಾಗಿತ್ತು.

ಕೆದಕಿದ್ದೆನೇ? ಇಲ್ಲ. ನೀರು? ಇಲ್ಲ. ಮೊದಲ ಸ್ಟೇಷನ್ ಭಾಂಡುಪ್ ಬಂತು. ಇಳಿ, ಇಳಿ ಎಂದು ಜೀವ ಹೊಡೆದುಕೊಳ್ಳುತ್ತಿತ್ತು. ಕಣ್ಣ ಮುಂದೆ ಮಾತ್ರ ಆಫೀಸಿನ ಹಾಜರಿಯ ಮಸ್ಟರ್ ಪುಸ್ತಕ. ರಾತ್ರಿಯ ಕೆಂಡ ಇಷ್ಟು ಹೊತ್ತು ಎಲ್ಲಿ ಉಳಿದೀತು ಎಂದು ನನಗೆ ನಾನೇ ವಾದ ಹೂಡಿದೆ. ಗಾಡಿ ಹೊರಟಿತು. ಹುಲ್ಲು ನೆನಪಾಯಿತು, ಚಿಲಕ ನೆನಪಾಯಿತು. ವಿಕ್ರೋಳಿಯಲ್ಲಿ ಬಾಗಿಲತನಕ ಬಂದು ಮತ್ತೆ ಹಿಂದೆ ಸರಿದೆ. ಪಕ್ಕದವಳು ಬೈದಳು. ಘಾಟ್ಕೋಪರದಲ್ಲಿ ಇಳಿದೆ. ಎದುರಿನ ಗಾಡಿಗೆ ಕಾದ ಆ ಹೊತ್ತಿನಲ್ಲಿ ಪ್ಲಾಟ್‌ಫಾರ್ಮಿನ ಆ ತುದಿಗೂ ಈ ತುದಿಗೂ ಎಷ್ಟು ಸಲ ನಡೆದೆನೋ. ಮುದುಕಿಯನ್ನು ಒಳಗೆ ಕೂಡಿಹಾಕಿ ಬೆಂಕಿ ಇಟ್ಟು ಬಂದವಳು ನಾನು ಎಂಬ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು.

ಚಾಳಿನ ಮೆಟ್ಟಿಲಲ್ಲೇ ಹೊಗೆಯ ವಾಸನೆ ಬಡಿಯಿತು. ಬಾಗಿಲು ತೆರೆದಿತ್ತು. ನೆಲದ ತುಂಬ ಕಪ್ಪು ನೀರು, ಅರ್ಧ ಸುಟ್ಟ ಪೆಟ್ಟಿಗೆ, ಕರಕಲಾದ ಮಂಚದ ಕಾಲು. ಮರಾಠಿ ಬಾಯಿ ಕೆಸರು ಬಳಿಯುತ್ತ ನನ್ನ ಮುಖ ನೋಡಿ ತುಟಿ ಬಿಗಿದಳು. ಅವಳು ನೀರು ತುಂಬಿಕೊಂಡು ಬಂದು ಚಿಲಕ ತೆಗೆಯುವಷ್ಟರಲ್ಲಿ ಬೆಂಕಿ ಆರಿತ್ತಂತೆ. ಅತ್ತೆ ಗೋಡೆಗೆ ಒರಗಿ ಕೂತಿದ್ದರು. ಬಲಗೈಗೆ ಒದ್ದೆ ಬಟ್ಟೆ ಸುತ್ತಿತ್ತು.

"ವಾಸನಿ ಬಂತು. ಎಲ್ಲಿ ಅಂತ ತಿಳೀಲಿಲ್ಲ," ಎಂದರು. "ಕೈ ಆಡಿಸಿ ಆಡಿಸಿ ಹುಡುಕಿದೆ. ಸುಟ್ಟಾಗ ಗೊತ್ತಾತು. ಕುಡಿಯೂ ನೀರಿನ ಕೊಡ ಅಲ್ಲೇ ಸುರುವಿದೆ."

ನಾನು ಅವರ ಕಾಲ ಹತ್ತಿರ ಕುಸಿದು ಕೂತೆ.

"ಕದಾ ಬಡದೆ. ಯಾರಿಗೂ ಕೇಳಲಿಲ್ಲ, ಎಲ್ಲಾರೂ ನಳದಾಗ ಇದ್ರು. ಮಗನ್ನ ಕರಿಬೇಕಿತ್ತು, ಬಾಯಾಗ ನಿನ್ನ ಹೆಸರ ಬಂತು ನೋಡು." ಮದುವೆಯಾದ ನಾಲ್ಕು ವರ್ಷದಲ್ಲಿ ಅವರು ನನ್ನನ್ನು ಹೆಸರು ಹಿಡಿದು ಕರೆದದ್ದಿಲ್ಲ. "ಅವಂಗ ಏನೂ ಹೇಳಬ್ಯಾಡ. ನಿನ್ನ ನೌಕರಿ ಬಿಡಸ್ತಾನ. ದೀಪದಿಂದ ಬೆಂಕಿ ಬಿತ್ತು ಅಂತೀನಿ ನಾ."

ನಾನು ಬಿಕ್ಕಿ ಬಿಕ್ಕಿ ಅಳತೊಡಗಿದೆ. ಅವರು ಎಡಗೈಯಿಂದ ನನ್ನ ತಲೆ ತಡವಿ ಹಿಡಿದರು.

"ಎಲ್ಲಿಂದ ಹೊಳ್ಳಿ ಬಂದಿ?"

"ಭಾಂಡುಪಿನಿಂದ, ಅತ್ಯಾ," ಎಂದೆ.

"ನೆನಪಾದ ಕೂಡ್ಲೇ ಇಳದಿ ಅಂದಂಗಾತು," ಎಂದರು. "ಶ್ಯಾಣಿ ಇದ್ದಿ."