ಶರ್ಫುನ್ನೀಸಾ ಬೇಯಿಸಿದ ಮುತ್ತು

ಚನ್ನಪಟ್ಟಣದ ರೇಷ್ಮೆ ನೂಲು ತೆಗೆಯುವ ಶೆಡ್ಡೊಂದರಲ್ಲಿ ಶರ್ಫುನ್ನೀಸಾ ಇಪ್ಪತ್ತೆಂಟು ವರ್ಷ ಗೂಡು ಬೇಯಿಸಿದವಳು. ಬಿಸಿನೀರಿನ ತೊಟ್ಟಿಯಲ್ಲಿ ಬೆರಳಾಡಿಸಿದರೆ ಸಾಕು, ಯಾವ ಗೂಡು ಹದಕ್ಕೆ ಬಂದಿದೆ, ಯಾವುದರ ಎಳೆ ಸಲೀಸಾಗಿ ಬಿಚ್ಚುತ್ತದೆ ಎಂದು ನೋಡದೆಯೇ ಹೇಳುತ್ತಿದ್ದಳು. ಮಗಳು ನಿಖಾತ್‌ಳನ್ನು ಒಬ್ಬಳೇ ಸಾಕಿದ್ದು ಆ ದುಡಿಮೆಯಲ್ಲೇ.

ಐವತ್ತೆರಡನೆಯ ವಯಸ್ಸಿಗೆ ದಮ್ಮು ಹಿಡಿದುಕೊಂಡಿತು. ಶೆಡ್ಡಿನ ಹೊಗೆ ಸಾಕು ಎಂದರು ಡಾಕ್ಟರು. ಮನೆಯಲ್ಲಿ ಕುಳಿತವಳಿಗೆ ಕೈಗಳನ್ನು ಎಲ್ಲಿಡಬೇಕೆಂದೇ ತೋಚಲಿಲ್ಲ. ನೆನೆದು ನೆನೆದು ಬಿಳಿಚಿಕೊಂಡಿದ್ದ, ಒಡೆದ ಬೆರಳುಗಳು. ಮದುವೆ ಮನೆಗಳಲ್ಲಿ ಅವನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಿದ್ದಳು.

ಆ ವರ್ಷವೇ ನಿಖಾತ್ ಕಾಲೇಜಿನೆದುರು ಬಬಲ್ ಟೀ ಅಂಗಡಿ ತೆರೆದಳು. ಬೆಂಗಳೂರಿನ ಅಂಥದೇ ಅಂಗಡಿಯ ಕೌಂಟರಿನಲ್ಲಿ ನಿಂತಿದ್ದವಳಿಗೆ ಟೀ ಬೆರೆಸುವುದು ಗೊತ್ತಿತ್ತು, ತಳದಲ್ಲಿ ಹಾಕುವ ಕಪ್ಪು ಮುತ್ತು ಬೇಯಿಸುವುದು ಗೊತ್ತಿರಲಿಲ್ಲ. ಮೂರನೆಯ ದಿನ ಒಬ್ಬ ಹುಡುಗಿ ಅರ್ಧ ಕುಡಿದು, ಲೋಟ ಇಟ್ಟು ಹೋದಳು. ಊಟದ ಡಬ್ಬಿ ತಂದ ಶರ್ಫುನ್ನೀಸಾ ನೋಡಿದಾಗ ಮಗಳು ಕೌಂಟರಿನ ಹಿಂದೆ ನೆಲದ ಮೇಲೆ ಕುಳಿತು ಅಳುತ್ತಿದ್ದಳು.

"ಏನ್ ಕಾಳು ಇದು?"

"ಮರಗೆಣಸಿನ ಹಿಟ್ಟಿಂದು, ಅಮ್ಮಿ. ನಮ್ ಸಬ್ಬಕ್ಕಿನೂ ಅದ್ರದ್ದೇ. ತೈವಾನ್ ಅಂತ ದೇಶ ಐತೆ, ಅಲ್ಲಿ ಹಾಲಿನ ಟೀಗೆ ಹಾಕ್ಕೊಂಡು ಕುಡೀತಾರೆ. ಹಲ್ಲಿಗೆ ಸಿಕ್ರೆ ಮೆತ್ತಗೂ ಇರ್ಬೇಕು, ಪುಟೀಲೂ ಬೇಕು. ಅದುಕ್ಕೇ ಅಂತ ಅವರದೊಂದು ಮಾತೈತೆ, 'ಕ್ಯೂ' ಅಂತಾರೆ. ನಂದು ಒಳಗೆಲ್ಲ ಸುಣ್ಣದುಂಡೆ."

"ಹದ ಅನ್ನು," ಎಂದಳು ಶರ್ಫುನ್ನೀಸಾ, ತೋಳೇರಿಸುತ್ತಾ.

ನೀರು ಕೊತಕೊತ ಕುದಿಯುವವರೆಗೂ ಮುತ್ತು ಹಾಕಲು ಬಿಡಲಿಲ್ಲ. ಮಗಳು ಫೋನಿನಲ್ಲಿ ನಿಮಿಷ ನೋಡುತ್ತಿದ್ದರೆ ಇವಳು ಒಂದೊಂದೇ ಮುತ್ತು ಎತ್ತಿ ಬೆರಳ ನಡುವೆ ಒತ್ತಿ ನೋಡುತ್ತಿದ್ದಳು. ಆಮೇಲೆ ಒಲೆ ಆರಿಸಿ ಮುಚ್ಚಳ ಮುಚ್ಚಿದಳು.

"ಇನ್ನೂ ಬೆಂದಿಲ್ಲ ಅಮ್ಮಿ."

"ಉರಿ ಆರಿಸಿದ್ ಮೇಲೆ ಒಳಗಿಂದು ಬೇಯೋದು. ಒಸಿ ಸುಮ್ಕಿರು."

ಬೆಲ್ಲದ ಪಾಕಕ್ಕೆ ಬಿದ್ದ ಮುತ್ತುಗಳು ಮಿರಮಿರ ಮಿಂಚಿದವು. ನಿಖಾತ್ ಒಂದನ್ನು ಬಾಯಿಗೆ ಹಾಕಿಕೊಂಡಳು. ಅಗಿದಳು. ಇನ್ನೊಂದು ಹಾಕಿಕೊಂಡಳು. ತಾಯಿಯ ಕೈ ಹಿಡಿದು, ಒಡೆದ ಬೆರಳುಗಳಿಗೆ ಮುತ್ತಿಟ್ಟಳು. ಶರ್ಫುನ್ನೀಸಾ ನಾಚಿ, "ಬುಡು, ಗಿರಾಕಿ ಬಂದ್ರು," ಎಂದಳು.

ಈಗ ದಿನಕ್ಕೆರಡು ಸಲ ಮುತ್ತು ಬೇಯಿಸುವವಳು ಅವಳೇ. ಕಾಲೇಜಿನ ಮಕ್ಕಳಿಗೂ ಅಮ್ಮಿ ಆಗಿದ್ದಾಳೆ.

ಮೊನ್ನೆ, ಶೆಡ್ಡಿನಲ್ಲಿ ಪಕ್ಕದ ತೊಟ್ಟಿಯ ಬಳಿ ನಿಲ್ಲುತ್ತಿದ್ದ ಅಕ್ಬರಿ ಬೇಗಂ ಬಂದಿದ್ದಳು. ಅವಳಿಗೆಂದು ಸಕ್ಕರೆ ಕಮ್ಮಿ ಮಾಡಿ ಬಿಸಿ ಟೀ ಕೊಟ್ಟರು. ದಪ್ಪ ಸ್ಟ್ರಾ ತಿರುಗಿಸಿ ನೋಡಿ ಕೇಳಿದಳು, "ಇದು ಕುಡಿಯೋದೋ, ತಿನ್ನೋದೋ?"

"ಎರಡೂನೂವೆ. ನಿಧಾನಕ್ಕೆ," ಎಂದಳು ಶರ್ಫುನ್ನೀಸಾ.

ಮೊದಲ ಮುತ್ತು ಸರ್ರನೆ ಬಂದು ಅಂಗುಳಿಗೆ ಬಡಿಯಿತು. ಅಕ್ಬರಿ ಬೆಚ್ಚಿದಳು. ಆಮೇಲೆ ಕಣ್ಣು ಮುಚ್ಚಿ ಅಗಿಯತೊಡಗಿದಳು.

"ಹೆಂಗೈತೆ?"

"ತಡಿ," ಎಂದಳು ಅಕ್ಬರಿ, "ಒಸಿ ಹೊತ್ತು ಮಾತಾಡಿಸ್ಬ್ಯಾಡ."