ಕಣ್ಣು ಕಾಣದ ಅತ್ತೆ, ಕೀಮೋ ಮುಗಿಸಿದ ಸೊಸೆ

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕೊನೆಯ ಕೀಮೋ ಮುಗಿಸಿಕೊಂಡು ಬೆಟಗೇರಿಯ ಮನೆಗೆ ಬಂದ ದಿನ ಓಣಿಯ ಹೆಂಗಸರು ಬಾಗಿಲ ತನಕ ಬಂದು, "ಗೆದ್ದು ಬಂದ್ರಿ ಬಿಡ್ರಿ, ಇನ್ನ ಎಲ್ಲಾ ಆರಾಮ" ಎಂದರು. ನಾನು ನಕ್ಕೆ. ಆದರೆ ಹೊಸ್ತಿಲು ದಾಟಿ ಕಾಲಿಟ್ಟರೆ ಅದು ನೆಲಕ್ಕೆ ತಾಗಿತೋ ಇಲ್ಲವೋ ತಿಳಿಯಲಿಲ್ಲ. ಮಗಳು ರಟ್ಟೆ ಹಿಡಿದಿದ್ದಳು, ಬೀಳಲಿಲ್ಲ. ಎದೆಯ ಗಂಟು ತೆಗೆದು, ಆಮೇಲೆ ತಿಂಗಳುಗಟ್ಟಲೆ ಮೈಗೆ ಔಷಧಿ ಹರಿಸಿ ರೋಗ ಕಳೆದಿದ್ದರು. ಅದರ ಸಂಗಡ ತಲೆಗೂದಲು, ನಾಲಿಗೆಯ ರುಚಿ, ಕೈಕಾಲು ಬೆರಳುಗಳ ಸ್ಪರ್ಶ ಎಲ್ಲವೂ ಹೋಗಿದ್ದವು. ನನಗೆ ಆಗ ಅರವತ್ತೈದು ದಾಟಿತ್ತು.

ಪಡಸಾಲೆಯಲ್ಲಿ ಅತ್ತೆ ಗೋಡೆಗೆ ಒರಗಿ ಕೂತಿದ್ದರು. ಮುಂಡರಗಿ ಕಡೆಯ ದೊಡ್ಡ ಹೊಲಮನೆಯ ಮಗಳು, ತೊಂಬತ್ತರ ಹತ್ತಿರದವರು. ನಾನು ಲಕ್ಷ್ಮೇಶ್ವರದಿಂದ ಸೊಸೆಯಾಗಿ ಬಂದಾಗ ಈ ಮನೆಯಲ್ಲಿ ಅವರ ಮಾತೇ ಮಾತು. ಸಾರಿಗೆ ಉಪ್ಪು ಹಾಕುವುದಕ್ಕೂ ಅವರನ್ನು ಕೇಳಬೇಕಿತ್ತು. ಮುಂದೆ ಅವರ ಕಣ್ಣು ಮಂಜಾಗುತ್ತ ಬಂದು, ಆಪರೇಷನ್ ಮಾಡಿಸಿದರೂ ಗುಣವಾಗದೆ, ಪೂರ್ತಿ ಹೋದವು. ಅಲ್ಲಿಂದ ಅವರಿಗೆ ಎಣ್ಣೆ ಹಚ್ಚಿ ಎರೆಯುವುದು, ತಾಟಿನಲ್ಲಿ ಪಲ್ಯ ಯಾವ ಕಡೆ ಐತಿ, ಚಟ್ನಿ ಯಾವ ಕಡೆ ಐತಿ ಎಂದು ಹೇಳುವುದು ನನ್ನ ಪಾಲಿಗೆ ಬಂತು. ನಾನು ಹಾಸಿಗೆ ಹಿಡಿದಾಗ ಮಗಳು ಬಂದು ಇಬ್ಬರನ್ನೂ ನೋಡಿಕೊಂಡಳು. ಅವಳಾದರೂ ಎಷ್ಟು ದಿನ ಇದ್ದಾಳು? ಮಕ್ಕಳ ಶಾಲೆ ಶುರುವಾಗಿತ್ತು, ಶಿರಹಟ್ಟಿಯ ತನ್ನ ಮನೆಗೆ ಹೊರಟಳು. ಗಂಡ ಮುಂಜಾನೆ ಗದಗಿನ ಮಾರ್ಕೆಟ್ಟಿನಲ್ಲಿರುವ ನಮ್ಮ ಕಾಳಿನ ಅಂಗಡಿಗೆ ಹೋದರೆ ಬರುವುದು ಸಂಜೆಗೆ. ಮನೆಯಲ್ಲಿ ಉಳಿದವರು ನಾವಿಬ್ಬರೇ.

ರೊಟ್ಟಿಯನ್ನು ಓಣಿಯಲ್ಲಿ ಮಾಡಿ ಮಾರುವವರಿಂದ ತರುತ್ತಿದ್ದೆವು. ಬಾಯಿ ಹುಣ್ಣಾಗಿ ನನಗೆ ಅದು ಇಳಿಯುತ್ತಿರಲಿಲ್ಲ. ಹಾಲು ಕುಡಿದರೂ ಕಬ್ಬಿಣ ನೆಕ್ಕಿದ ಹಾಗೆ. ಒಂದು ದಿನ ಮಧ್ಯಾಹ್ನ ತಾಟು ಸರಿಸಿ ಸುಮ್ಮನೆ ಮಲಗಿದ್ದೆ. ಅಡುಗೆ ಮನೆಯಲ್ಲಿ ಭಾಂಡೆ ಸಪ್ಪಳವಾಯಿತು. ಎದ್ದು ಹೋಗಿ ನೋಡಿದರೆ ಅತ್ತೆ ಗ್ಯಾಸಿನ ಮುಂದೆ ಸ್ಟೂಲ್ ಹಾಕಿಕೊಂಡು ಕೂತು, ಡಬ್ಬಿಗಳನ್ನು ಒಂದೊಂದೇ ಮೂಸಿ ನೋಡುತ್ತಿದ್ದಾರೆ.

"ಏನ ಮಾಡಾಕತ್ತೀರಿ ಅತ್ತೀ? ಸುಟ್ಟುಕೊಂಡೀರಿ!"

"ನುಚ್ಚು ಮಾಡತೀನಿ. ಬೆಂಕಿ ನೀ ಹಚ್ಚು. ಉಳದದ್ದು ನನಗ ಬಿಡು."

ಜೋಳದ ನುಚ್ಚು ಕುದಿಯುವಾಗ ಅವರು ಕಿವಿಗೊಟ್ಟು ಕೂತರು. ನುಚ್ಚು ಗಟ್ಟಿಯಾಗಿ ಸದ್ದು ತಗ್ಗುತ್ತ ಬಂದಾಗ, "ಈಗ ಆರಸು" ಎಂದರು. ಮಜ್ಜಿಗೆ ಕಲಸಿ ಬಟ್ಟಲು ನನ್ನ ಕಡೆ ಚಾಚಿದರು.

"ರುಚಿನ ಹತ್ತವಲ್ದು ಅತ್ತೀ."

"ರುಚಿ ಯಾರ ಕೇಳ್ಯಾರ? ನುಂಗು."

ನುಂಗಿದೆ. ಮರುದಿನವೂ ಮಾಡಿದರು. ನಾನು ಎಷ್ಟು ಉಂಡೆನೆಂದು ಬಟ್ಟಲಿನೊಳಗೆ ಬೆರಳಾಡಿಸಿ ನೋಡುತ್ತಿದ್ದರು, ಉಳಿದಿದ್ದರೆ ಏಳಲು ಬಿಡುತ್ತಿರಲಿಲ್ಲ.

ಆ ದಿನಗಳಲ್ಲಿ ನನ್ನನ್ನು ಹೆಚ್ಚು ಕುಗ್ಗಿಸಿದ್ದು ಕೈ. ಗುಂಡಿ ಹಾಕಲು ಆಗುತ್ತಿರಲಿಲ್ಲ, ಸೂಜಿಯಂತೂ ದೂರ. ಒಂದು ಮುಂಜಾನೆ ಒಲೆಯ ಮೇಲಿನ ನೀರಿನ ಪಾತ್ರೆಯನ್ನು ಬರಿಗೈಯಲ್ಲೇ ಇಳಿಸಿಬಿಟ್ಟೆ. ನೋವೇ ಇಲ್ಲ. ಆಮೇಲೆ ನೋಡಿದರೆ ಬೆರಳಿನ ಚರ್ಮ ಬೊಬ್ಬೆ ಎದ್ದಿತ್ತು. ಆಸ್ಪತ್ರೆಯಲ್ಲಿ ಒಮ್ಮೆಯೂ ಅಳದವಳು ಅಂದು ಅಡುಗೆ ಮನೆಯ ನೆಲದ ಮೇಲೆ ಕೂತು ದನಿ ತೆಗೆದು ಅತ್ತುಬಿಟ್ಟೆ.

ಅತ್ತೆ ಗೋಡೆ ಹಿಡಿದು ಬಂದು ಪಕ್ಕದಲ್ಲಿ ಕೂತರು. ಸುಮ್ಮನಿರು ಎನ್ನಲಿಲ್ಲ. ನನ್ನ ಅಳು ತಗ್ಗಿದ ಮೇಲೆ, "ಸುಟ್ಟದ್ದು ತಿಳೀಲಿಲ್ಲೇನು?" ಎಂದು ಕೇಳಿದರು.

"ಇಲ್ರಿ. ಕೈ ಯಾರದೋ ಅನಸತೈತಿ."

"ನನಗೂ ಕಣ್ಣ ಹೋದಾಗ ಹಂಗ ಅನಸಿತ್ತು. ಈ ಮನಿನ ಯಾರದೋ ಅನಸಿತ್ತು." ನನ್ನ ತೋಳು ಹುಡುಕಿ ಹಿಡಿದು ಮೊಣಕೈ ಮುಟ್ಟಿದರು. "ಬೆರಳ ಕೈ ಕೊಟ್ಟರ ಇದಕ್ಕ ಕೇಳು. ಇದಕ್ಕ ಬಿಸಿ ತಿಳೀತೈತಿ. ನಡಿಬೇಕಾದ್ರ ಗ್ವಾಡಿಗೆ ಭುಜಾ ಹಚ್ಚಿ ನಡಿ. ಅವಸರ ಮಾಡಬ್ಯಾಡ. ಅವಸರ ಮಾಡಿದ ದಿನಾನ ನಾ ಬಿದ್ದೇನಿ."

ಅಲ್ಲಿಂದ ಅವರು ಕತ್ತಲೆಯಲ್ಲಿ ಕಲಿತದ್ದನ್ನೆಲ್ಲ ನನಗೆ ಕಲಿಸತೊಡಗಿದರು. ಲೋಟವನ್ನು ಎರಡೂ ಅಂಗೈಯ ನಡುವೆ ಹಿಡಿಯುವುದು, ಮೆಟ್ಟಿಲು ಇಳಿಯುವಾಗ ಹಿಮ್ಮಡಿಯನ್ನು ಹಿಂದಿನ ಮೆಟ್ಟಿಲಿಗೆ ತಾಗಿಸಿ ಇಳಿಯುವುದು. ಒಂದು ಸಂಜೆ ಅಂಗಡಿಯಿಂದ ಬಂದ ಗಂಡ, ನಾವಿಬ್ಬರೂ ಒಬ್ಬರ ಹಿಂದೊಬ್ಬರು ಗೋಡೆಗುಂಟ ಪಡಸಾಲೆ ಸುತ್ತುವುದನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟಿದ್ದರು. ಚಪ್ಪಲಿ ಬಿಟ್ಟು ಸೀದಾ ಒಳಗೆ ಹೋಗಿ ಚಹಾ ಮಾಡಿ ತಂದರು.

ಲಕ್ಷ್ಮೇಶ್ವರದಿಂದ ನನ್ನ ತವರಿನ ಸಂಬಂಧಿ ಒಬ್ಬಾಕೆ ಮಾತನಾಡಿಸಲು ಬಂದಿದ್ದಳು. ಚಹಾ ಕುಡಿಯುತ್ತ, ತಮ್ಮ ಓಣಿಯಲ್ಲಿ ಒಬ್ಬರಿಗೆ ಇದೇ ರೋಗ ಗುಣವಾಗಿ, ವರ್ಷ ಕಳೆಯುವುದರೊಳಗೆ ಬೆನ್ನುಮೂಳೆಗೆ ಬಂತೆಂದು ಹೇಳಲು ಹತ್ತಿದಳು. ಅವರ ಕೊನೆಯ ದಿನಗಳ ತನಕ ಮಾತು ಬಂತು. ಮೂಲೆಯಿಂದ ಅತ್ತೆ, "ಚಾ ಕುಡದದ್ದಾತಲ್ಲ ತಂಗೀ, ಏಳಿನ್ನ. ಬಸ್ಸಿಗೆ ಹೊತ್ತಾಗತೈತಿ" ಎಂದರು. ಬಸ್ಸು ಬೇಕಾದಷ್ಟಿದ್ದವು. ಆಕೆ ಎದ್ದು ಹೋದಳು.

ಅವಳ ಮಾತು ಮಾತ್ರ ಹೋಗಲಿಲ್ಲ. ಬೆನ್ನು ಸ್ವಲ್ಪ ನೊಂದರೂ ರಾತ್ರಿ ಎದ್ದು ಕೂರುತ್ತಿದ್ದೆ. ನಾನು ಬಾಯಿ ಬಿಟ್ಟು ಹೇಳಿರಲಿಲ್ಲ, ಆದರೂ ಅತ್ತೆಗೆ ತಿಳಿದಿತ್ತು. ಮೊಳೆಯುತ್ತಿದ್ದ ನನ್ನ ಕೂದಲಿಗೆ ಕೊಬ್ಬರಿ ಎಣ್ಣೆ ಸವರುತ್ತ ಒಂದು ದಿನ ಅಂದರು:

"ನನಗಿಂತ ಮೊದಲ ಹೊಂಟು ನಿಂದ್ರಬ್ಯಾಡ. ಪಾಳಿ ನಂದೈತಿ."

"ಅದು ನನ್ನ ಕೈಯಾಗ ಐತೇನ್ರಿ?"

"ಇಲ್ಲ. ಖರೆ, ಹೇಳಿದ್ದು ಹೇಳೇನಿ."

ತಪಾಸಣೆಗೆ ಹುಬ್ಬಳ್ಳಿಗೆ ಹೋದೆವು. ಗಂಡ ಹೊರಗೇ ಕೂತರು, ರಿಪೋರ್ಟ್ ಕೇಳಲು ನಾನೊಬ್ಬಳೇ ಒಳಗೆ ಹೋದೆ. ಸದ್ಯಕ್ಕೆ ಏನೂ ಕಾಣುತ್ತಿಲ್ಲ ಎಂದರು ಡಾಕ್ಟರು. ಮರಳುವ ದಾರಿಯುದ್ದಕ್ಕೂ ಗಂಡ ಬಾಡಿಗೆ ಕಾರಿನ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದರು, ಆಗಾಗ ಕಣ್ಣೊರೆಸಿಕೊಂಡರು. ಮನೆಗೆ ಬಂದು ಅತ್ತೆಗೆ ಹೇಳಿದಾಗ, "ಆತು" ಎಂದರು, ಅಷ್ಟೇ. ಅಂದು ಅವರು ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡು ಉಂಡರು.

ಚಳಿ ಶುರುವಾಗುವ ಹೊತ್ತಿಗೆ ಅವರ ಊಟ ಇಳಿಯಿತು. ಜಡ್ಡು ಎಂದೇನೂ ಇರಲಿಲ್ಲ. ವಯಸ್ಸಾಗಿದೆ, ಆಸ್ಪತ್ರೆಗೆ ಎಳೆದಾಡಬೇಡಿ ಎಂದು ಓಣಿಯ ಡಾಕ್ಟರು ಹೇಳಿದರು. ನಾನು ಚಮಚದಿಂದ ಗಂಜಿ ಹಾಕುತ್ತಿದ್ದೆ, ಚಮಚ ವಾಲಿ ಅರ್ಧ ಅವರ ಸೆರಗಿನ ಮೇಲೆ ಚೆಲ್ಲುತ್ತಿತ್ತು. ಅವರು ಬೇಸರಪಡಲಿಲ್ಲ. ಒಂದು ಮಧ್ಯಾಹ್ನ ಬಾಯಿ ತೆರೆಯಲಿಲ್ಲ. ನನ್ನ ಕೈ ಅವರ ಕೈಯಲ್ಲಿತ್ತು. ಅವರ ಹಿಡಿತ ಯಾವಾಗ ಸಡಿಲಾಯಿತೋ ನನ್ನ ಬೆರಳಿಗೆ ತಿಳಿಯಲೇ ಇಲ್ಲ. ಉಸಿರಿನ ಸದ್ದು ನಿಂತ ಮೇಲೆ ಗೊತ್ತಾಯಿತು.

ಸೊರಟೂರಿನ ನಮ್ಮ ಹೊಲದಲ್ಲಿ, ಮಾವನವರ ಮಗ್ಗುಲಿಗೆ ಮಣ್ಣು ಕೊಟ್ಟರು. ಮಂದಿಯಲ್ಲಿ ಹೋಗಬೇಡ, ನಿನಗಿನ್ನೂ ಶಕ್ತಿ ಸಾಲದು ಎಂದು ಮಗಳು ತಡೆದಳು. ನಾನು ಕೇಳಲಿಲ್ಲ. ಕಡಲೆ ಹೂಬಿಟ್ಟಿದ್ದ ಎರೆಹೊಲದ ಬದುವಿನ ಮೇಲೆ ಕುರ್ಚಿ ಹಾಕಿಸಿಕೊಂಡು, ಎಲ್ಲ ಮುಗಿಯುವ ತನಕ ಕೂತಿದ್ದೆ. ಗಂಡ ಮಣ್ಣು ಹಾಕಿ ಬಂದು ನನ್ನ ಹತ್ತಿರ ನಿಂತರು.

ಈಗ ಅತ್ತೆಯ ಕೋಣೆಯಲ್ಲಿ ನಾನು ಮಲಗುತ್ತೇನೆ, ಬಚ್ಚಲು ಹತ್ತಿರ ಎಂದು. ಬಾಯಿಗೆ ರುಚಿ ಬಂದಿದೆ, ಖಾರ ಮಾತ್ರ ಇನ್ನೂ ತಡೆಯುವುದಿಲ್ಲ. ಕಾಲಿನ ಜೋಮು ಹಾಗೇ ಇದೆ, ಇದು ಪೂರ್ತಿ ಹೋಗಲಿಕ್ಕಿಲ್ಲವಂತೆ. ಮುಂದಿನ ತಪಾಸಣೆ ಮಳೆಗಾಲಕ್ಕೆ. ಅಂಜಿಕೆ ಇಲ್ಲವೆಂದರೆ ಸುಳ್ಳಾದೀತು. ಮೊನ್ನೆ ಗಂಡ, "ಈ ಸಲ ನೀ ಒಬ್ಬಾಕಿನ ಒಳಗ ಹೋಗಬ್ಯಾಡ, ರಿಪೋರ್ಟ್ ಕೇಳಾಕ ನಾನೂ ಬರತೀನಿ" ಎಂದರು. ಬರ್ರಿ ಎಂದೆ.