ಲೀಡರ ಬಿಪಿ ಡೈರಿ

ಹಿಂದೂಪುರದ ಒಬ್ಬ ಲೀಡರಿಗೆ ನಾನು ಪಿಎ. ದಿನಾ ಬಿಪಿ ನೋಡಿ ಡೈರಿಯಲ್ಲಿ ಬರೆದಿಡಿ ಅಂತ ಕಲ್ಯಾಣದುರ್ಗದ ಡಾಕ್ಟರು ಅವರಿಗೆ ಹೇಳಿದ್ದರು. ಈ ಮಹಾನುಭಾವರಿಗೆ ಮಿಷನ್ನಿಗೆ ಎರಡು ನಿಮಿಷ ತೋಳು ಕೊಡೋಕೂ ಪುರುಸೊತ್ತಿಲ್ಲ.

"ಟೈಮ್ ಲೇದಪ್ಪಾ, ನೀನೇ ಕಟ್ಕೊಂಡು ಬರ್ದುಬುಡ್ಲಾ" ಅಂದರು.

ದಿನಾ ನನ್ನ ತೋಳಿಗೇ ಪಟ್ಟಿ ಕಟ್ಟಿಕೊಂಡು, ಬಂದ ಅಂಕಿ ಬರೆದೆ. ಅವರು ಓದದೇ ಸೈನ್ ಹಾಕಿದರು. ತಿಂಗಳಾದ ಮೇಲೆ ಡೈರಿಯ ಫೋಟೊ ವಾಟ್ಸಾಪಿನಲ್ಲಿ ಹೋಯಿತು. ಡಾಕ್ಟರು ಗಾಬರಿಬಿದ್ದು ಮಾತ್ರೆ ಬರೆದು ಕಳಿಸಿದರು.

"ನೋಡ್ಲಾ, ಜನಸೇವೆ ಮಾಡಿ ಮಾಡಿ ಬಿಪಿ ಬಂದ್ಬುಟ್ಟೈತೆ!" ಅಂತ ಲೀಡರು ಎದೆಯುಬ್ಬಿಸಿದರು.

"ಅದು ನನ್ನ ಬಿಪಿ ಸಾರ್" ಅಂದೆ.

"ಸೈನ್ ಯಾರ್ದ್ಲಾ ಐತೆ?" ಅಂತ ಗದರಿದರು.

ಎಲ್ಲ ಕೆಲಸವನ್ನೂ ನನ್ನ ತಲೆಗೆ ಕಟ್ಟೋ ಮನುಷ್ಯ, ನಾನು ನುಂಗಬೇಕಾದ ಮಾತ್ರೆಯನ್ನಷ್ಟೇ ತಾನೇ ನುಂಗ್ತಾನೆ.